ಏಳು ದಿನದಲ್ಲಿ ಎದ್ದ ಸ್ಮಾರಕ, ಏಳನೇ ವರ್ಷಕ್ಕೆ ನೆಲಸಮ



2024ರ ಆಗಸ್ಟ್ ತಿಂಗಳ ಮೊದಲ ಎರಡು ವಾರವನ್ನು ನಮ್ಮ ವಯನಾಡಿನ ಸದಸ್ಯರು ಮರೆತಿರಲಾರರು. ಜುಲೈ 30ರ ನಸುಕಿಗೆ ಮೊದಲೇ ಮೇಪ್ಪಾಡಿ ಹತ್ತಿರದ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಜರಿದು ಬಿದ್ದಿತ್ತು. ಗುರುತು ಹತ್ತದ ದೇಹಗಳನ್ನು ಪುತ್ತುಮಲದಲ್ಲಿ ಒಂದೊಂದಕ್ಕೂ ಸಂಖ್ಯೆ ಕೊಟ್ಟು ಮಣ್ಣು ಮಾಡಿದ್ದು ಆ ದಿನಗಳಲ್ಲೇ. ಅದೇ ಹೊತ್ತಿಗೆ, ಆಗಸ್ಟ್ 12ರ ಸೋಮವಾರ, ಅಮೆರಿಕದ ಟೆಕ್ಸಾಸ್ ರಾಜ್ಯದ ಒಂದು ಹಳ್ಳಿಯಲ್ಲಿ ಯಂತ್ರ ತಂದು ಹಳೆಯ ಚರ್ಚೊಂದನ್ನು ಕೆಡವಿದರು. ಆ ಸುದ್ದಿಯನ್ನು ಓದುವ ಮನಸ್ಥಿತಿ ಆಗ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಈಗ ಓದಬೇಕು ಅನ್ನಿಸುತ್ತಿದೆ. ಆ ಚರ್ಚನ್ನು ಸ್ಮಾರಕವಾಗಿ ಕಟ್ಟಿ ನಿಲ್ಲಿಸಿದವರು ಸ್ವಯಂಸೇವಕರು, ಕೆಡವಲು ಮತ ಹಾಕಿದವರು ಅದೇ ಸಭೆಯ ಸದಸ್ಯರು. ನಡುವಿನ ಏಳು ವರ್ಷದಲ್ಲಿ ನಡೆದದ್ದು, ದುರಂತ ಕಂಡ ಯಾವ ಊರಿಗಾದರೂ ಬರಬಹುದಾದ ಜಗಳ.

ಊರಿನ ಹೆಸರು ಸದರ್ಲೆಂಡ್ ಸ್ಪ್ರಿಂಗ್ಸ್. ಸ್ಯಾನ್ ಆಂಟೋನಿಯೊ ನಗರದಿಂದ ಸುಮಾರು 50 ಕಿಲೋಮೀಟರ್ ದೂರ. ಕೆಲವು ನೂರು ಜನ ಇರುವ ಊರು. ಪುರಸಭೆ ಇಲ್ಲ, ಒಬ್ಬ ಮೇಯರ್ ಕೂಡ ಇಲ್ಲ. ಅಲ್ಲಿಯ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚ್ ಅಂದರೆ ಬಿಳಿ ಬಣ್ಣದ ಒಂದು ಚಿಕ್ಕ ಕಟ್ಟಡ. 2017ರ ನವೆಂಬರ್ 5ರ ಭಾನುವಾರ, ಬೆಳಗಿನ ಪ್ರಾರ್ಥನೆ ನಡೆಯುತ್ತಿದ್ದಾಗ ಒಬ್ಬ ಬಂದೂಕು ಹಿಡಿದು ಬಂದು ಗುಂಡು ಹಾರಿಸಿದ. ಸತ್ತವರ ಲೆಕ್ಕ 26. ಅದರಲ್ಲಿ ಒಂದು, ತಾಯಿಯ ಹೊಟ್ಟೆಯಲ್ಲಿದ್ದ ಕೂಸು. ಒಂದೇ ಮನೆತನದ ಮೂರು ತಲೆಮಾರಿನವರು ಸತ್ತರು. ಪಾದ್ರಿ ಫ್ರಾಂಕ್ ಪೊಮೆರಾಯ್ ಆ ದಿನ ಊರಲ್ಲಿರಲಿಲ್ಲ. ಅವರ 14 ವರ್ಷದ ಮಗಳು ಪ್ರಾರ್ಥನೆಗೆ ಬಂದಿದ್ದಳು, ಮನೆಗೆ ಹಿಂದಿರುಗಲಿಲ್ಲ. ಒಳಗಿದ್ದವರಲ್ಲಿ ಗಾಯವಿಲ್ಲದೆ ಹೊರಬಂದವರು ಬೆರಳೆಣಿಕೆ.

ಕೊಂದವನ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅವನ ಕೈಗೆ ಬಂದೂಕು ಹೇಗೆ ಬಂತು ಎನ್ನುವುದನ್ನು ಮಾತ್ರ ಮುಂದೆ ಹೇಳಬೇಕಾಗುತ್ತದೆ.

ಮೊದಲ ದಿನಗಳಲ್ಲೇ ಪಾದ್ರಿಯವರ ಮನಸ್ಸಿನಲ್ಲಿದ್ದದ್ದು ಕಟ್ಟಡವನ್ನು ಕೆಡವಿಬಿಡುವ ಯೋಚನೆ. ಮತ್ತೆ ಆ ಬಾಗಿಲಲ್ಲಿ ಕಾಲಿಡುವುದು ಹೇಗೆ ಎಂಬ ಮಾತು. ಮಗಳನ್ನು ಕಳೆದುಕೊಂಡ ತಂದೆ ಬೇರೆ ಏನು ಹೇಳಿಯಾರು? ಆದರೆ ಅಷ್ಟರಲ್ಲಿ ಹೊರಗಿನಿಂದ ಜನ ಬಂದಾಗಿತ್ತು. ಗಾರೆ ಕೆಲಸದವರು, ಬಣ್ಣ ಬಳಿಯುವವರು, ಬಡಗಿಗಳು, ಗುತ್ತಿಗೆದಾರರು, ಏನೂ ಕಸುಬು ಬಾರದಿದ್ದರೂ ಪೊರಕೆ ಹಿಡಿಯುತ್ತೇನೆ ಎಂದವರು. ಪೊಲೀಸ್ ತನಿಖೆ ಮುಗಿದು ಕಟ್ಟಡ ಬಿಟ್ಟುಕೊಟ್ಟ ಮೇಲೆ ಅವರಿಗೆ ಸಿಕ್ಕಿದ್ದು ಕೆಲವೇ ದಿನ. ಹಗಲು ರಾತ್ರಿ ಎನ್ನದೆ ದುಡಿದರು. ಬೆಂಚುಗಳನ್ನು ಹೊರಗೆ ಹಾಕಿದರು, ನೆಲದ ಕಾರ್ಪೆಟ್ ಕಿತ್ತರು, ಗುಂಡು ಹೊಕ್ಕ ತೂತುಗಳನ್ನು ಮುಚ್ಚಿದರು. ಗೋಡೆ, ನೆಲ ಎಲ್ಲಕ್ಕೂ ಬಿಳಿ ಬಣ್ಣ. ಆಮೇಲೆ ಖಾಲಿ ಒಳಾಂಗಣದಲ್ಲಿ 26 ಬಿಳಿ ಕುರ್ಚಿಗಳನ್ನಿಟ್ಟರು. ಒಂದೊಂದು ಕುರ್ಚಿಯ ಬೆನ್ನ ಮೇಲೆ ಒಂದೊಂದು ಹೆಸರು, ಒಂದು ಶಿಲುಬೆ. ಕೂರುವ ಜಾಗದಲ್ಲಿ ಒಂದು ಗುಲಾಬಿ.

ಸರಿಯಾಗಿ ಒಂದು ವಾರಕ್ಕೆ, ನವೆಂಬರ್ 12ರ ಭಾನುವಾರ ಸಂಜೆ, ಬಾಗಿಲು ತೆರೆಯಿತು. ಬೆಳಗಿನ ಪ್ರಾರ್ಥನೆ ಹತ್ತಿರದ ಆಟದ ಮೈದಾನದಲ್ಲಿ ಹಾಕಿದ ದೊಡ್ಡ ಡೇರೆಯಲ್ಲಿ ನಡೆದಿತ್ತು. ಚರ್ಚಿನ ಒಳಗೆ ಎಂದೂ ಹಿಡಿಯದಷ್ಟು ಜನ ಸೇರಿದ್ದರು. ಸಂಜೆ ಜನ ಸಣ್ಣ ಸಣ್ಣ ಗುಂಪಿನಲ್ಲಿ ಸಾಲಾಗಿ ಒಳಗೆ ಹೋಗಿ ಬಂದರು. ಹಿಂದಿನ ವರ್ಷಗಳಲ್ಲಿ ಅದೇ ಚರ್ಚಿನವರು ಬೈಬಲ್ ಓದಿದ ಧ್ವನಿಮುದ್ರಿಕೆಯನ್ನು ಒಳಗೆ ಹಾಕಿದ್ದರು.

ಈ ಕೆಲಸವನ್ನು ಕಡೆಗಣಿಸಿ ಮಾತಾಡುವುದು ಸುಲಭ, ಆದರೆ ತಪ್ಪು. ರಕ್ತ ಚೆಲ್ಲಿದ ನೆಲವನ್ನು ಒರೆಸುವ ಕೆಲಸ ಸತ್ತವರ ಮನೆಯವರ ಪಾಲಿಗೆ ಬರಬಾರದು ಎಂದು ಪರರು ಮುಂದೆ ಬಂದದ್ದು ದೊಡ್ಡ ಮಾತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಮನೆಯವರು ಅನ್ನ ತಂದುಕೊಡುತ್ತಾರೆ ಎನ್ನುವ ನಮ್ಮ ರೂಢಿಯಲ್ಲಿ ಇರುವುದೂ ಇದೇ. ಆದರೆ ನೆರೆಮನೆಯ ಅನ್ನ ಹದಿಮೂರು ದಿನದ ಮಾತು. ಕಟ್ಟಡ ಹಾಗಲ್ಲ. ಅದು ನಿಂತೇ ಇರುತ್ತದೆ, ಸ್ವಯಂಸೇವಕರು ಊರಿಗೆ ಹೋದ ಮೇಲೂ.

2018ರ ಮೇ ತಿಂಗಳಲ್ಲಿ ಪಕ್ಕದಲ್ಲೇ ಹೊಸ ಚರ್ಚಿಗೆ ನೆಲ ಅಗೆದರು, 2019ರ ಮೇ 19ರಂದು ಅದು ತೆರೆಯಿತು. ಸದರನ್ ಬ್ಯಾಪ್ಟಿಸ್ಟರ ಮಿಷನ್ ಮಂಡಳಿ ಹಣದ ದೊಡ್ಡ ಭಾರ ಹೊತ್ತಿತು. 250 ಜನ ಕೂರಬಹುದಾದ ಹೊಸ ಕಟ್ಟಡದಲ್ಲಿ ಸತ್ತವರ ನೆನಪಿಗೇ ಬೇರೆ ಒಂದು ಪ್ರಾರ್ಥನಾ ಕೋಣೆ ಇದೆ. ಅಲ್ಲಿಗೆ ಎರಡು ಸ್ಮಾರಕಗಳಾದವು. ಹೊಸದರಲ್ಲಿ ಒಂದು ಕೋಣೆ, ಹಳೆಯದು ಇಡಿಯಾಗಿ. ಭಾನುವಾರ ಪ್ರಾರ್ಥನೆಗೆ ಬರುವವರು ಹಳೆಯದರ ಎದುರಿಗೇ ಹಾದು ಬರಬೇಕು. ಹೊರಗಿನ ಯಾತ್ರಿಕರು ವಾರವಿಡೀ ಬಂದು ಕುರ್ಚಿಗಳ ಮುಂದೆ ನಿಂತು ಹೋಗುವರು.

ಕೆಲವರಿಗೆ ಅದು ತಮ್ಮವರನ್ನು ಕಾಣಲು ಇದ್ದ ಒಂದೇ ಜಾಗ. ಇನ್ನು ಕೆಲವರಿಗೆ, ಅದೇ ಗುಂಡಿನ ಗುರುತು ಮೈಮೇಲಿದ್ದವರಿಗೂ, ಪ್ರತಿ ಭಾನುವಾರ ಅದನ್ನು ನೋಡುವುದೇ ಶಿಕ್ಷೆ. ಇಬ್ಬರದೂ ಒಂದೇ ದುಃಖ. ಹೊರಗಿನವರ ಕಣ್ಣಿಗೆ ಸಂತ್ರಸ್ತರ ಕುಟುಂಬಗಳು ಅಂದರೆ ಒಂದೇ ಮನಸ್ಸಿನ ಒಂದು ಗುಂಪು. ಹತ್ತಿರ ಹೋಗಿ ನೋಡಿದರೆ ಒಂದೇ ಮನೆಯಲ್ಲಿ ಗೋಡೆಯ ಮೇಲಿನ ಫೋಟೋ ಇರಲಿ ಎನ್ನುವವರೂ ತೆಗೆಯಿರಿ ಎನ್ನುವವರೂ ಇರುತ್ತಾರೆ.

ಬ್ಯಾಪ್ಟಿಸ್ಟರ ಪದ್ಧತಿಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ನಮ್ಮ ಕಾಸರಗೋಡಿನ ಸದಸ್ಯರಿಗೆ ಬೇಳದ ಇಗರ್ಜಿ ಗೊತ್ತು. ಅದಿರುವುದು ಕೇರಳದಲ್ಲಿ, ಆದರೆ ಸೇರಿದ್ದು ಮಂಗಳೂರು ಧರ್ಮಪ್ರಾಂತ್ಯಕ್ಕೆ. ರಾಜ್ಯದ ಗಡಿ ಬದಲಾದರೂ ಬಿಷಪರ ಗಡಿ ಬದಲಾಗಲಿಲ್ಲ. ಕಥೊಲಿಕರಲ್ಲಿ ಒಂದು ಇಗರ್ಜಿಯನ್ನು ಉಳಿಸಬೇಕೋ ಕೆಡವಬೇಕೋ ಎನ್ನುವ ಪ್ರಶ್ನೆ ಬಂದರೆ ಕೊನೆಯ ಮಾತು ಬಿಷಪರ ಬಳಿ ಹೋಗುತ್ತದೆ. ಬ್ಯಾಪ್ಟಿಸ್ಟರಲ್ಲಿ ಬಿಷಪರೇ ಇಲ್ಲ. ಪ್ರತಿ ಚರ್ಚೂ ತನಗೆ ತಾನೇ ಒಡೆಯ. ಪಾದ್ರಿಯನ್ನು ಕರೆಯುವುದೂ ಆಸ್ತಿಯ ತೀರ್ಮಾನ ಮಾಡುವುದೂ ಸದಸ್ಯರ ಸಭೆ. ಅಂದರೆ ನಮ್ಮ ಸಂಘದ ಸರ್ವಸದಸ್ಯರ ಸಭೆ ಇದ್ದ ಹಾಗೆ. ಕೈ ಎತ್ತಿದವರ ಲೆಕ್ಕವೇ ತೀರ್ಪು.

2021ರಲ್ಲಿ ಆ ಸಭೆ ಹಳೆಯ ಕಟ್ಟಡವನ್ನು ಕೆಡವಲು ಮತ ಹಾಕಿತು. ಮೂರು ವರ್ಷ ಕೆಡವಲಿಲ್ಲ. 2024ರಲ್ಲಿ ಕೆಲಸ ಶುರುವಾಗುತ್ತದೆ ಎನ್ನುವಾಗ ಉಳಿಸಬೇಕೆನ್ನುವ ಕೆಲವರು ನ್ಯಾಯಾಲಯಕ್ಕೆ ಹೋದರು. ಅವರ ಮುಖ್ಯ ಆರೋಪ, ಮತ ಹಾಕುವ ಮೊದಲು ಕೆಲವರ ಹೆಸರನ್ನು ಸದಸ್ಯರ ಪಟ್ಟಿಯಿಂದ ಸರಿಯಿಲ್ಲದ ರೀತಿಯಲ್ಲಿ ತೆಗೆದುಹಾಕಲಾಗಿತ್ತು ಎಂಬುದು. ಜುಲೈನಲ್ಲಿ ಒಬ್ಬ ನ್ಯಾಯಾಧೀಶರು ತಾತ್ಕಾಲಿಕ ತಡೆ ಕೊಟ್ಟರು. ಕೆಲವು ದಿನಕ್ಕೆ ಇನ್ನೊಬ್ಬ ನ್ಯಾಯಾಧೀಶರು ಆ ತಡೆಯನ್ನು ಮುಂದುವರಿಸಲು ಒಪ್ಪಲಿಲ್ಲ. ಆಗಸ್ಟ್ 12ಕ್ಕೆ ಕಟ್ಟಡ ನೆಲಕ್ಕೆ ಬಿತ್ತು. ನೋವನ್ನು ಬಿಡದೆ ನೆನಪಿಸುವ ಕಟ್ಟಡ ಎಂಬುದು ಚರ್ಚಿನ ಕಡೆಯವರ ವಾದವಾಗಿತ್ತು.

ಸದಸ್ಯರ ಪಟ್ಟಿ ಎಂದೊಡನೆ ನಮ್ಮ ಹಿರಿಯ ಸದಸ್ಯರು ಒಳಗೊಳಗೆ ನಕ್ಕಾರು. ಚಂದಾ ಬಾಕಿ, ವಿಳಾಸ ಬದಲು, ಮೂರು ಸಭೆಗೆ ಬಾರದವರು, ಯಾವಾಗ ಸೇರಿದರೋ ಯಾರಿಗೂ ನೆನಪಿಲ್ಲದವರು. ಸಂಘ ಕಟ್ಟಿ ನಡೆಸಿದವರಿಗೆಲ್ಲ ಈ ತಲೆನೋವು ಗೊತ್ತು. ಸಾಮಾನ್ಯ ದಿನಗಳಲ್ಲಿ ಅದು ರಾಜ್ಯೋತ್ಸವಕ್ಕೆ ಯಾರನ್ನು ಅತಿಥಿಯಾಗಿ ಕರೆಯಬೇಕು ಎನ್ನುವಷ್ಟರ ಜಗಳ. ಅಲ್ಲಿ ಅದೇ ಪಟ್ಟಿಯ ಮೇಲೆ, ಸತ್ತ ಮಗಳ ಹೆಸರು ಬರೆದ ಕುರ್ಚಿ ಎಲ್ಲಿರಬೇಕು ಎನ್ನುವ ತೀರ್ಮಾನ ನಿಂತಿತ್ತು. ಆರೋಪ ನಿಜವೋ ಅಲ್ಲವೋ ಎಂದು ಇಲ್ಲಿ ಕೂತು ಹೇಳುವುದು ನನ್ನ ಕೆಲಸವಲ್ಲ. ಆದರೆ ಆ ಬಗೆಯ ಸಂದೇಹಕ್ಕೆ ಜಾಗ ಉಳಿದದ್ದೇ ಒಂದು ಸೋಲು ಎಂದು ನಾನು ಭಾವಿಸುತ್ತೇನೆ. ಮನೆಯವರೆಲ್ಲ ಕೂತು, ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ನೋಡದೆ, 26 ಕುರ್ಚಿಗೆ ಸಂಬಂಧಪಟ್ಟ ಪ್ರತಿಯೊಬ್ಬರ ಮಾತನ್ನೂ ಕೇಳಿ ಮಾಡಬೇಕಾಗಿದ್ದ ತೀರ್ಮಾನವನ್ನು ಸಂಘದ ನಿಯಮಾವಳಿಯ ಮೇಲೆ ಬಿಟ್ಟರು. ನಿಯಮಾವಳಿಗೆ ಅಷ್ಟು ಹೊರುವ ಶಕ್ತಿ ಇರುವುದಿಲ್ಲ.

ಇದೇ ಅಮೆರಿಕದಲ್ಲಿ ಬೇರೆ ದಾರಿ ಹಿಡಿದವರಿದ್ದಾರೆ. ಪೆನ್ಸಿಲ್ವೇನಿಯಾದ ನಿಕಲ್ ಮೈನ್ಸ್ ಎಂಬಲ್ಲಿ ಆಮಿಶ್ ಪಂಥದವರ ಒಂದು ಕೋಣೆಯ ಶಾಲೆ ಇತ್ತು. ಕರೆಂಟು, ಕಾರು ಬೇಡವೆಂದು ಕುದುರೆಗಾಡಿಯಲ್ಲಿ ಓಡಾಡುವ ಕ್ರೈಸ್ತ ರೈತರು ಅವರು. 2006ರ ಅಕ್ಟೋಬರ್ 2ರಂದು ಅಲ್ಲಿ ಒಬ್ಬ ಐದು ಹುಡುಗಿಯರನ್ನು ಕೊಂದ. ಹತ್ತೇ ದಿನಕ್ಕೆ, ಅಕ್ಟೋಬರ್ 12ರ ಬೆಳಗಾಗುವ ಮೊದಲು, ಶಾಲೆಯನ್ನು ಕೆಡವಿ ಜಾಗವನ್ನು ಹುಲ್ಲುಗಾವಲು ಮಾಡಿಬಿಟ್ಟರು. ಫಲಕ ಹಾಕಲಿಲ್ಲ, ಕಲ್ಲು ನೆಡಲಿಲ್ಲ. ಬೇರೆ ಜಾಗದಲ್ಲಿ ಹೊಸ ಶಾಲೆ ಕಟ್ಟಿ, ಸರಿಯಾಗಿ ಆರು ತಿಂಗಳಿಗೆ ಮಕ್ಕಳನ್ನು ಕೂರಿಸಿದರು. ಮೊದಲು ಓದಿದಾಗ ಇದು ಕಲ್ಲೆದೆ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಹೊರಗಿನವರು ಬಂದು ನೋಡುವ ಜಾಗವನ್ನೇ ಅವರು ಉಳಿಸಲಿಲ್ಲ. ದುಃಖ ಊರಿನೊಳಗೇ ಉಳಿಯಿತು. ಅದು ಸಾಧ್ಯವಾದದ್ದು ಅವರು ಒಬ್ಬರಿಗೊಬ್ಬರು ಅಂಟಿಕೊಂಡು ಬದುಕುವ ಜನವಾದ್ದರಿಂದ. ಎಲ್ಲರಿಗೂ ಆ ಮಾರ್ಗ ಹೊಂದುವುದಿಲ್ಲ.

ದಕ್ಷಿಣ ಕರೊಲಿನಾದ ಚಾರ್ಲ್ಸ್‌ಟನ್ ನಗರದ ಇಮ್ಯಾನುಯೆಲ್ ಚರ್ಚ್ ಕಪ್ಪು ಜನರ ಬಹಳ ಹಳೆಯ ಚರ್ಚುಗಳಲ್ಲೊಂದು. 2015ರ ಜೂನ್ 17ರ ರಾತ್ರಿ ಬೈಬಲ್ ಅಧ್ಯಯನಕ್ಕೆ ಕೂತಿದ್ದ ಒಂಬತ್ತು ಮಂದಿಯನ್ನು ವರ್ಣದ್ವೇಷಿಯೊಬ್ಬ ಕೊಂದ. ಅದೇ ವಾರದ ಭಾನುವಾರ, ಜೂನ್ 21ರಂದು, ಅದೇ ಕಟ್ಟಡದಲ್ಲಿ ಪ್ರಾರ್ಥನೆ ನಡೆಯಿತು. ಅವರು ಕೆಡವಲೂ ಇಲ್ಲ, ಖಾಲಿ ಮಾಡಿ ಸ್ಮಾರಕವನ್ನಾಗಿಸಲೂ ಇಲ್ಲ. ಪಿಟ್ಸ್‌ಬರ್ಗ್‌ನ ಯೆಹೂದ್ಯರದು ಇನ್ನೊಂದು ಬಗೆ. 2018ರ ಅಕ್ಟೋಬರ್ 27ರಂದು ಅವರ ಮಂದಿರದಲ್ಲಿ 11 ಜನ ಸತ್ತರು. ಅಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದದ್ದು ಮೂರು ಬೇರೆ ಬೇರೆ ಸಭೆಗಳು. ಕೆಡವುವ ಕೆಲಸ ಶುರುವಾದದ್ದು 2024ರ ಜನವರಿಯಲ್ಲಿ, ಅಂದರೆ ಐದು ವರ್ಷ ದಾಟಿದ ಮೇಲೆ, ಹಳೆಯದರಲ್ಲಿ ಉಳಿಸಬೇಕಾದ್ದನ್ನು ಉಳಿಸಿಕೊಂಡು.

ಸ್ವಯಂಸೇವಕರ ವಿಷಯಕ್ಕೆ ಬಂದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಇಂಗ್ಲೆಂಡಿನ ಕವೆಂಟ್ರಿ. 1940ರ ನವೆಂಬರ್ 14ರ ರಾತ್ರಿ ಜರ್ಮನಿಯ ಬಾಂಬು ಬಿದ್ದು ಅಲ್ಲಿಯ ಪ್ರಧಾನ ಚರ್ಚಿನ ಗೋಡೆ, ಗೋಪುರ ಮಾತ್ರ ಉಳಿದವು. ಆ ಪಾಳುಗೋಡೆಗಳನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಹೊಸದನ್ನು ಕಟ್ಟಿದರು. 1962ರ ಮೇ 25ರಂದು ಅದರ ಪ್ರತಿಷ್ಠೆ ಆಯಿತು. ಅದಕ್ಕೆ ಸ್ವಲ್ಪ ಮೊದಲು ಜರ್ಮನಿಯಿಂದ ಒಂದು ಗುಂಪು ಯುವಕ ಯುವತಿಯರು ಬಂದು, ಹಳೆಯ ಕಟ್ಟಡದ ಪಾಳು ಬಿದ್ದ ಕೋಣೆಗಳನ್ನು ತಮ್ಮ ಕೈಯಾರೆ ದುರಸ್ತಿ ಮಾಡಿ ಎಲ್ಲ ದೇಶದವರೂ ಸೇರುವ ಒಂದು ಕೇಂದ್ರವನ್ನು ಮಾಡಿಕೊಟ್ಟರು. ಬಾಂಬು ಹಾಕಿದವರ ಮಕ್ಕಳ ತಲೆಮಾರು ಅದು. 1965ರಲ್ಲಿ ಇಂಗ್ಲೆಂಡಿನ ಯುವಕರು ಇದಕ್ಕೆ ಪ್ರತಿಯಾಗಿ ಜರ್ಮನಿಯ ಡ್ರೆಸ್ಡೆನ್‌ಗೆ ಹೋಗಿ, ತಮ್ಮ ದೇಶದ ವಿಮಾನಗಳೇ ಹಾಳುಗೆಡವಿದ್ದ ಆಸ್ಪತ್ರೆಯನ್ನು ಮತ್ತೆ ಕಟ್ಟಲು ಕೈಗೂಡಿಸಿದರು. ಇಪ್ಪತ್ತು ವರ್ಷ ತಡೆದು ಬಂದ ಸ್ವಯಂಸೇವಕರು! ಏಳು ದಿನಕ್ಕೆ ಬಂದವರಿಗಿಂತ ಇವರು ದೊಡ್ಡವರು ಎಂದಲ್ಲ. ಆದರೆ ಕರೆದ ಮೇಲೆ ಬಂದರು, ಏನು ಬೇಕು ಎಂದು ಕೇಳಿ ಮಾಡಿದರು. ಸದರ್ಲೆಂಡ್ ಸ್ಪ್ರಿಂಗ್ಸ್‌ನಲ್ಲಿ ಕೇಳಲು ಸಮಯವೇ ಇರಲಿಲ್ಲ. ಕೇಳಿದ್ದರೂ ಉತ್ತರಿಸಬೇಕಾದವರಲ್ಲಿ ಎಷ್ಟೋ ಮಂದಿ ಆಸ್ಪತ್ರೆಯಲ್ಲಿದ್ದರು.

ಬಂದೂಕಿನ ಮಾತು ಬಾಕಿ ಇದೆ. ಕೊಂದವನು ಹಿಂದೆ ಅಮೆರಿಕದ ವಾಯುಪಡೆಯಲ್ಲಿದ್ದವನು. ಹೆಂಡತಿಯನ್ನೂ ಅವಳ ಪುಟ್ಟ ಮಗುವನ್ನೂ ಹೊಡೆದದ್ದಕ್ಕೆ 2012ರಲ್ಲಿ ಸೇನಾ ನ್ಯಾಯಾಲಯ ಶಿಕ್ಷೆ ಕೊಟ್ಟಿತ್ತು. ಅಂಥವನು ಅಂಗಡಿಯಲ್ಲಿ ಬಂದೂಕು ಕೊಳ್ಳಲು ಅಲ್ಲಿಯ ಕಾನೂನಿನಲ್ಲಿ ಅವಕಾಶವಿಲ್ಲ. ಆದರೆ ಶಿಕ್ಷೆಯಾದ ವಿಷಯವನ್ನು ವಾಯುಪಡೆ ಎಫ್‌ಬಿಐಗೆ ಕಳುಹಿಸಲೇ ಇಲ್ಲ. ಅಂಗಡಿಯವನು ಕಂಪ್ಯೂಟರಿನಲ್ಲಿ ಹೆಸರು ಹಾಕಿ ನೋಡಿದಾಗ ತಡೆಯುವಂಥದ್ದು ಏನೂ ಕಾಣಲಿಲ್ಲ. ಕುಟುಂಬದವರು ಸರಕಾರದ ಮೇಲೆ ದಾವೆ ಹೂಡಿದರು. 2021ರಲ್ಲಿ ಫೆಡರಲ್ ನ್ಯಾಯಾಧೀಶರು ಶೇ. 60ರಷ್ಟು ಹೊಣೆ ಸರಕಾರದ್ದೇ ಎಂದು ತೀರ್ಪು ಕೊಟ್ಟರು. ಮರುವರ್ಷ 23 ಕೋಟಿ ಡಾಲರಿಗೂ ಮೀರಿದ ಪರಿಹಾರಕ್ಕೆ ಆದೇಶವಾಯಿತು. ಮೇಲ್ಮನವಿಯ ನಡುವೆ, 2023ರ ಏಪ್ರಿಲ್‌ನಲ್ಲಿ, 14 ಕೋಟಿ 45 ಲಕ್ಷ ಡಾಲರಿಗೆ ರಾಜಿಯಾಯಿತು. ಈ ನಡುವೆ 2018ರಲ್ಲಿ, ಇಂಥ ದಾಖಲೆಗಳನ್ನು ತಪ್ಪದೆ ಕಳುಹಿಸುವಂತೆ ಮಾಡಲು ಸಂಸತ್ತು ಕಾನೂನು ತಂದಿತು.

ಹಾಗೆ ನೋಡಿದರೆ ಆ ಊರಿನ ಕಥೆಯ ಎರಡು ತುದಿಯಲ್ಲೂ ಒಂದೊಂದು ಪಟ್ಟಿ ಇದೆ. ಇರಬೇಕಾದ ಹೆಸರು ಒಂದರಲ್ಲಿ ಇರಲಿಲ್ಲ. ಇದ್ದ ಹೆಸರುಗಳನ್ನು ಇನ್ನೊಂದರಿಂದ ತೆಗೆದರು ಎಂದು ಆರೋಪ. ಕುರ್ಚಿ, ಗುಲಾಬಿಗಳ ಫೋಟೋ ಜಗತ್ತೆಲ್ಲ ಸುತ್ತಿತು. ಪಟ್ಟಿಯ ಫೋಟೋ ಯಾರೂ ತೆಗೆಯುವುದಿಲ್ಲ.

ಮತ್ತೆ ವಯನಾಡಿಗೆ ಬರೋಣ. ಅಲ್ಲಿ ಕೊಂದದ್ದು ಮಳೆ ಮತ್ತು ಮಣ್ಣು. ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. ಆದರೆ ಸ್ವಯಂಸೇವಕರ ಮಟ್ಟಿಗೆ, ಸ್ಮಾರಕದ ಮಟ್ಟಿಗೆ, ಮೊದಲ ವಾರದ ಮಟ್ಟಿಗೆ ಬಹಳ ಹೋಲಿಕೆ ಇದೆ. ಚೂರಲ್‌ಮಲದಲ್ಲಿ ಹೊಳೆಗೆ ಅಡ್ಡಲಾಗಿ ಬೈಲಿ ಸೇತುವೆಯನ್ನು ಒಂದೂವರೆ ದಿನದೊಳಗೆ ಕಟ್ಟಿದ್ದು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಪಡೆ. ಸತ್ತವರಲ್ಲಿ ಚಾಮರಾಜನಗರ, ಮಂಡ್ಯ ಕಡೆಯಿಂದ ಬದುಕು ಅರಸಿ ಹೋದವರೂ ಇದ್ದರು. ಸಂತ್ರಸ್ತರಿಗೆ 100 ಮನೆ ಕಟ್ಟಿಸಿಕೊಡುವುದಾಗಿ ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಘೋಷಿಸಿದ್ದರು. 2025ರ ಮಾರ್ಚ್ 27ರಂದು ಕಲ್ಪೆಟ್ಟದ ಎಲ್ಸ್ಟನ್ ಎಸ್ಟೇಟಿನಲ್ಲಿ ಹೊಸ ಬಡಾವಣೆಗೆ ಕೇರಳ ಸರಕಾರ ಶಿಲಾನ್ಯಾಸ ಮಾಡಿತು.

ಮನೆಗಳ ಲೆಕ್ಕವನ್ನು ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ನಾನು ಕೇಳುತ್ತಿರುವುದು ಪುತ್ತುಮಲದ ಬಗ್ಗೆ. ಅದು 2019ರ ಆಗಸ್ಟ್‌ನಲ್ಲಿ ತಾನೇ ಗುಡ್ಡ ಕುಸಿದು ಜನರನ್ನು ಕಳೆದುಕೊಂಡಿದ್ದ ಜಾಗ. ಐದು ವರ್ಷದ ಮೇಲೆ ಅಲ್ಲಿಯೇ ಎಲ್ಲ ಧರ್ಮದವರ ಪ್ರಾರ್ಥನೆಯೊಂದಿಗೆ ಸಾಲು ಸಾಲು ಸಮಾಧಿ. ಒಂದೊಂದರ ತಲೆಯ ಬಳಿ ಡಿಎನ್‌ಎ ಮಾದರಿಗೆ ತಾಳೆಯಾಗುವ ಸಂಖ್ಯೆ. ಹೆಸರು ಸಿಗುವ ತನಕ ಸಂಖ್ಯೆಯೇ ಹೆಸರು. ಒಬ್ಬರ ದೇಹದ ಭಾಗಗಳು ಬೇರೆ ಬೇರೆ ಸಂಖ್ಯೆಯಡಿ ಮಲಗಿರುವುದೂ ಉಂಟು. ಅಲ್ಲಿ ಮುಂದೆ ಏನಿರಬೇಕು, ಎಷ್ಟು ದೊಡ್ಡದಿರಬೇಕು, ಯಾವ ಗುರುತು ಇರಬೇಕು, ಯಾವ ಭಾಷೆಯಲ್ಲಿ ಬರೆಯಬೇಕು, ನೋಡಲು ಬರುವವರಿಗೆ ಯಾವ ಹೊತ್ತಿನಲ್ಲಿ ಬಿಡಬೇಕು ಎಂಬುದನ್ನು ಪಂಚಾಯಿತಿ ಒಂದೇ ಹೇಳಿದರೆ ಸಾಕೇ? ತೋಟದ ಲಯಗಳಲ್ಲಿ ಬಾಡಿಗೆ ಚೀಟಿಯೂ ಇಲ್ಲದೆ ಇದ್ದ ಕೂಲಿಯವರ ಮನೆಯವರು, ಈಗ ಗುಂಡ್ಲುಪೇಟೆ ಕಡೆಗೋ ಗೂಡಲೂರು ಕಡೆಗೋ ಹೋಗಿ ಉಳಿದವರು, ಯಾವ ಪಟ್ಟಿಯಲ್ಲಿ ಬರುತ್ತಾರೆ?

ಸ್ಮಾರಕಕ್ಕೆ ದೇಣಿಗೆ ಕೊಡಲು, ಶ್ರಮದಾನ ಮಾಡಲು ನಮ್ಮ ಸಂಘಗಳಿಗೆ ಕರೆ ಬಂದರೆ ಹೋಗೋಣ, ಹಿಂದೆಯೂ ಹೋಗಿದ್ದೇವೆ. ಹೋಗುವ ಮೊದಲು ಒಂದು ಕಾಗದ ಕೇಳೋಣ. ಇದರ ಬೀಗದ ಕೈ ಯಾರ ಬಳಿ ಇರುತ್ತದೆ, ಹತ್ತು ವರ್ಷದ ಮೇಲೆ ಬಣ್ಣ ಹೊಡೆಸುವವರು ಯಾರು, ಬೇಡವೆನಿಸಿದರೆ ತೆಗೆಯುವ ಮಾತನ್ನು ಯಾರು ಯಾರು ಕೂತು ಆಡಬೇಕು ಎಂದು ಬರೆದ ಕಾಗದ. ದುಃಖದ ಹೊತ್ತಿನಲ್ಲಿ ಇದೆಂಥ ವ್ಯವಹಾರದ ಮಾತು ಎಂದು ಕೆಲವರು ಮುಖ ತಿರುಗಿಸಬಹುದು. ಗಡಿಯೂರುಗಳಲ್ಲಿ ಯಾರದೋ ದೇಣಿಗೆಯಲ್ಲಿ ಎದ್ದು, ಈಗ ಯಾರ ಹೆಸರಿಗಿದೆ ಎಂದು ತಿಳಿಯದೆ ಬೀಗ ಬಿದ್ದಿರುವ ಭವನಗಳನ್ನು ಕಂಡವರು ತಿರುಗಿಸಲಾರರು.

ಪುತ್ತುಮಲದಲ್ಲಿ ತಮ್ಮವರನ್ನು ಮಣ್ಣು ಮಾಡಿ ಬಂದ ಸದಸ್ಯರು, ಅಥವಾ ಅಂಥವರ ನೆಂಟರು, ನಮ್ಮ ವಯನಾಡು, ನೀಲಗಿರಿ ಘಟಕಗಳಲ್ಲಿ ಇದ್ದರೆ ದಯವಿಟ್ಟು ಸಂಘಕ್ಕೆ ತಿಳಿಸಿ. ಅಲ್ಲಿ ಏನು ಬೇಕು, ಏನು ಬೇಡ ಎಂದು ನಿಮ್ಮ ಮನಸ್ಸಿನಲ್ಲಿರುವುದನ್ನು ಎರಡು ಸಾಲಿನಲ್ಲಾದರೂ ಬರೆದು ಕಳುಹಿಸಿ. ಬೇಡ ಎನ್ನುವುದಾದರೆ ಅದನ್ನೂ ಬರೆಯಿರಿ.